ಮೆದುಳಿಗೆ ಹಾಸಿದ ಹಾಸಿಗೆ

"ಕಾರ್ಟೆಕ್ಸ್ ಅಂದ್ರೆ ಬೆಡ್‌ಶೀಟ್ ಕಂಪನಿ ಅಲ್ಲ ಕಣೋ ದಡ್ಡ! ಮೆದುಳಿನ ಹೊರಪದರ!"

ಮ್ಯಾನೇಜರ್ ಕಿರುಚಿದ ರಭಸಕ್ಕೆ ಅಂಗಡಿಯ ದಿಂಬುಗಳೂ ಬೆಚ್ಚಿಬಿದ್ದವು. ಸೇಲ್ಸ್‌ಮನ್ ತಲೆ ತಗ್ಗಿಸಿದ. ಬೆಳಿಗ್ಗೆ ಗಿರಾಕಿಯೊಬ್ಬ ಬ್ರೋಷರ್ ತೋರಿಸಿ ಕಾರ್ಟೆಕ್ಸ್ ಬಗ್ಗೆ ಕೇಳಿದಾಗ, "ಸ್ಟಾಕ್ ಮುಗಿದಿದೆ ಸಾರ್, ಮುಂದಿನ ವಾರ ನೀಲಿ ಬಣ್ಣದ್ದು ಬರುತ್ತೆ" ಎಂದು ಹೇಳಿ ಕಳಿಸಿದ ಮಹಾನುಭಾವ ಅವನೇ.

ತಪ್ಪು ಅವನೊಬ್ಬನದೇ ಅಲ್ಲ. ಹೊಸ 'ನ್ಯೂರೋ' ಹಾಸಿಗೆಯೊಳಗೆ ಹತ್ತಿ ಕಡಿಮೆ ಮಾಡಿದ ಕಂಪನಿ, ಆ ಕೊರತೆಯನ್ನು ಬ್ರೋಷರಿನಲ್ಲಿ ಇಂಗ್ಲಿಷ್ ತುಂಬಿ ಸರಿದೂಗಿಸಿತ್ತು.

ಸೇಲ್ಸ್‌ಮನ್: ಹಾಸಿಗೆ ಮೆತ್ತಗಿದೆ ಅಂದ್ರೆ ಸಾಲದಾ ಸಾರ್?

ಮ್ಯಾನೇಜರ್: ಮೆತ್ತಗಿದ್ರೆ ತಾನೇ ಹಾಗನ್ನೋದು! ಬ್ರೋಷರಲ್ಲಿರೋದನ್ನ ಒಂದಕ್ಷರ ಬಿಡದೆ ಒದರು. ಸಂಜೆಯೊಳಗೆ ಒಂದಾದ್ರೂ ಮಾರದಿದ್ರೆ ನಾಳೆಯಿಂದ ಗೋಡೌನಿಗೆ ಹೋಗು. ಅಲ್ಲಿ ಇಲಿಗಳಿಗೆ ಮಾರ್ಕೊಂಡಿರು.

ಪರೀಕ್ಷೆಯ ಹಿಂದಿನ ದಿನವೂ ಪುಸ್ತಕ ಮುಟ್ಟದಿದ್ದ ಸೇಲ್ಸ್‌ಮನ್ ಊಟ ಬಿಟ್ಟು ಬ್ರೋಷರ್ ಉರು ಹೊಡೆದ. ಅರ್ಥವಾಗಲಿಲ್ಲ. ಆದರೆ ಅರ್ಥವಾಗದ್ದನ್ನು ಗಟ್ಟಿಯಾಗಿ ಹೇಳುವುದಕ್ಕೇ ತಾನೆ ಅವನಿಗೆ ಸಂಬಳ!

ಮಧ್ಯಾಹ್ನ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್ ಅಮ್ಮ ಬಂದರು. ಕಣ್ಣ ಕೆಳಗೆ ಕಪ್ಪು, ಮುಖದ ತುಂಬ ಸಿಡುಕು. ಮ್ಯಾನೇಜರ್ ಕಂಬದ ಮರೆಗೆ ಸರಿದು ಕಿವಿ ನಿಮಿರಿಸಿದ.

ವಾರ್ಡನ್: ನಿದ್ದೆ ಬರೋ ಅಂಥ ಹಾಸಿಗೆ ಇದೆಯೇನಪ್ಪಾ?

ಸೇಲ್ಸ್‌ಮನ್: ಅಮ್ಮಾ, ನಿಮ್ಮ ತೊಂದರೆಗೆಲ್ಲ ಅಮಿಗ್ಡಲನೇ ಕಾರಣ.

ವಾರ್ಡನ್: ಯಾರವಳು? ಯಾವ ರೂಮು?

ಸೇಲ್ಸ್‌ಮನ್: ಹುಡುಗಿ ಅಲ್ಲಮ್ಮ! ಮೆದುಳೊಳಗೆ ಇರುತ್ತೆ. ಭಯ, ಕೋಪ ಎಲ್ಲ ಅದರ ಕೆಲಸ.

ವಾರ್ಡನ್: ಕೋಪ ಮಾಡ್ಕೊಳೋದು ನನ್ನ ಕೆಲಸ. ರಾತ್ರಿಯೆಲ್ಲ ಹುಡುಗೀರು ಕಾಂಪೌಂಡ್ ಹಾರ್ತಾರೆ, ನಾನು ಟಾರ್ಚ್ ಹಿಡ್ಕೊಂಡು ಕಾಯ್ತೀನಿ. ಇದಕ್ಕೆ ನಿನ್ನ ಹಾಸಿಗೇಲಿ ಏನಿದೆ?

ಸೇಲ್ಸ್‌ಮನ್: ಸೆರೊಟೋನಿನ್ ಇದೆ.

ವಾರ್ಡನ್: ಎಷ್ಟು ಇಂಚು?

ಸೇಲ್ಸ್‌ಮನ್: ಎಂಟು ಇಂಚಮ್ಮ.

ಕಂಬದ ಹಿಂದೆ ಯಾರೋ ಹಣೆ ಚಚ್ಚಿಕೊಂಡ ಸದ್ದಾಯಿತು.

ವಾರ್ಡನ್: ಬಾಯಿ ಬಿಟ್ರೆ ಬೊಗಳೆ. ಸರಿ, ಮಲಗಿ ನೋಡ್ತೀನಿ. ಅಲ್ಲೀತನಕ ಅದೇನು ಕಂಠಪಾಠ ಮಾಡಿದ್ದೀಯೋ ಒಪ್ಪಿಸು.

ಅವರು ಚಪ್ಪಲಿ ಬಿಟ್ಟು, ವ್ಯಾನಿಟಿ ಬ್ಯಾಗನ್ನು ಎದೆಗವಚಿಕೊಂಡು ಅಡ್ಡಾದರು. ಸೇಲ್ಸ್‌ಮನ್‌ನ ಕಣ್ಣಿಗೆ ಗೋಡೌನಿನ ಇಲಿಗಳು ಕಂಡವು. ಗಂಟಲು ಸರಿಮಾಡಿಕೊಂಡ.

ಸೇಲ್ಸ್‌ಮನ್: ಒಂದು ನ್ಯೂರಾನಿನಿಂದ ಇನ್ನೊಂದು ನ್ಯೂರಾನಿಗೆ ಸೈನಾಪ್ಸ್ ಮೂಲಕ ಸಂದೇಶ ಹೋಗುತ್ತಮ್ಮ...

ವಾರ್ಡನ್: ಹೋಗ್ಲಿ ಬಿಡು.

ಸೇಲ್ಸ್‌ಮನ್: ಆಗ ಹಿಪೊಕ್ಯಾಂಪಸ್ ನೆನಪುಗಳನ್ನ ಜೋಡಿಸುತ್ತೆ. ಡೋಪಮೈನ್ ಅದಕ್ಕೆ...

ವಾರ್ಡನ್: ಹೂಂ...

ಸೇಲ್ಸ್‌ಮನ್: ವೇಗಸ್ ನರ್ವ್ ಏನ್ಮಾಡುತ್ತೆ ಅಂದ್ರೆ...

ವಾರ್ಡನ್: ಹ್ಮ್...

ಆಮೇಲೆ ಬಂದದ್ದು ಗೊರಕೆ. ಸಣ್ಣಪುಟ್ಟದ್ದಲ್ಲ, ಷೋಕೇಸಿನ ಗಾಜು ಅದುರುವಂಥದ್ದು.

ಮ್ಯಾನೇಜರ್ ಕಂಬದ ಹಿಂದಿನಿಂದ ಹಾರಿ ಬಂದ. ಅಂಗಡಿಯಲ್ಲಿದ್ದ ಗಿರಾಕಿಗಳನ್ನೆಲ್ಲ ಕೈಬೀಸಿ ಕರೆದ.

ಮ್ಯಾನೇಜರ್: ನೋಡ್ರೀ, ಕಣ್ಣಾರೆ ನೋಡಿ! ನಮ್ಮ ನ್ಯೂರೋ ಹಾಸಿಗೆ ಮೇಲೆ ಬೆನ್ನಿಟ್ಟಿದ್ದೇ ತಡ!

ಜನ ಮುತ್ತಿಕೊಂಡರು. ಒಬ್ಬರು ಬೆಲೆ ಕೇಳಿದರು. ಇನ್ನೊಬ್ಬರು ಆಗಲೇ ಪರ್ಸ್ ತೆಗೆದರು. ಸೇಲ್ಸ್‌ಮನ್‌ನ ಎದೆ ಉಬ್ಬಿತು. ಇನ್ನು ಗೋಡೌನ್ ಇಲ್ಲ. ಪ್ರಮೋಷನ್ನೇ ಸಿಕ್ಕರೂ ಸಿಗಬಹುದು. ತನ್ನೊಳಗೊಬ್ಬ ನರರೋಗ ತಜ್ಞ ಇಷ್ಟು ದಿನ ದಿಂಬಿನ ಕವರ್ ಮಡಚುತ್ತ ಹಾಳಾದನಲ್ಲ ಎಂದು ಮರುಗಿದ.

ಪರ್ಸ್ ತೆಗೆದವರಿಗೆ ಮಾತ್ರ ಇನ್ನೂ ಅನುಮಾನ.

"ಅವರನ್ನೇ ಒಂದ್ಮಾತು ಕೇಳಿಬಿಡಿ" ಎಂದರು.

"ಧಾರಾಳವಾಗಿ!" ಎಂದು ಮ್ಯಾನೇಜರ್ ವಾರ್ಡನ್ ಅಮ್ಮನ ಭುಜ ತಟ್ಟಿ ಎಬ್ಬಿಸಿದ.

ಮ್ಯಾನೇಜರ್: ಅಮ್ಮಾ, ಎಲ್ಲರೆದುರಿಗೆ ನೀವೇ ಹೇಳಿ. ಇಷ್ಟು ಸೊಗಸಾದ ನಿದ್ದೆ ಬಂದದ್ದು ಈ ಹಾಸಿಗೆಯಿಂದ ತಾನೇ?

ವಾರ್ಡನ್ ಅಮ್ಮ ಸೊಂಟ ಹಿಡಿದುಕೊಂಡು ನರಳುತ್ತ ಎದ್ದು ಕೂತರು. ಕಣ್ಣುಜ್ಜಿಕೊಂಡರು.

ವಾರ್ಡನ್: ಹಾಸಿಗೆ ಬರೀ ಬಂಡೆ ಕಣಪ್ಪಾ. ನಿದ್ದೆ ಬಂದದ್ದು ಈ ಹುಡುಗನ ಕೊರೆತಕ್ಕೆ.