ಧರ್ಣಪ್ಪ ಮಾಸ್ಟ್ರು ಹಿಡಿದ ಕಳ್ಳನ ಮನಸ್ಸು

ಪಾಣೆಮಂಗಳೂರು ಪೇಟೆಯಲ್ಲಿ ಆಗ ಬೂದು ಬಣ್ಣದ ಸ್ಕೂಟರುಗಳಿಗೆ ಬರವಿರಲಿಲ್ಲ. ಸವೆದ ಕೀ ಒಂದು ಕೈಯಲ್ಲಿದ್ದರೆ ಯಾವ ಸ್ಕೂಟರಿನ ಬೀಗವೂ ಮರ್ಯಾದೆಯಿಂದ ತೆರೆದುಕೊಳ್ಳುತ್ತಿತ್ತು. ಸಹಕಾರಿ ಸಂಘದ ಗುಮಾಸ್ತ ರುಕ್ಮಯ್ಯ ಕ್ಷೌರದಂಗಡಿಯಲ್ಲಿ ಸರದಿ ಕಾದು, ತಲೆ ಹಗುರ ಮಾಡಿಕೊಂಡು ಹೊರಬಂದ. ಬಾಗಿಲಲ್ಲಿದ್ದ ಬೂದು ಸ್ಕೂಟರಿಗೆ ತನ್ನ ಕೀ ಹಾಕಿ, ಕಿಕ್ ಒದ್ದು ಹೊರಟವನನ್ನು ಸೇತುವೆಯ ಹತ್ತಿರ ಪೊಲೀಸರು ಹಿಡಿದರು.

ಗಾಡಿ ಜವಳಿ ಅಂಗಡಿಯ ಉಮ್ಮರ್ ಸಾಹುಕಾರರದ್ದು. ಪಕ್ಕದ ಮೆಲ್ಕಾರಿನಲ್ಲಿ ಚಾ ಕುಡಿಯುವಷ್ಟರಲ್ಲಿ ಅದು ಕಳವಾಯಿತೆಂದು ಅವರು ಆಗಲೇ ದೂರು ಕೊಟ್ಟಿದ್ದರು. ತಾನು ಇವತ್ತು ಮೆಲ್ಕಾರಿನ ಮುಖವನ್ನೇ ನೋಡಿಲ್ಲವೆಂದು ರುಕ್ಮಯ್ಯ ಎಷ್ಟು ಹೇಳಿದರೂ ಹೆಡ್ ಕಾನ್‌ಸ್ಟೇಬಲ್ ಒಪ್ಪಲಿಲ್ಲ.

ಸುದ್ದಿ ತಿಳಿದು ನೆರೆಮನೆಯ ಧರ್ಣಪ್ಪ ಮಾಸ್ಟ್ರು ರುಕ್ಮಯ್ಯನ ಹೆಂಡತಿ ಲೋಲಾಕ್ಷಿಯನ್ನು ಕರೆದುಕೊಂಡು ಠಾಣೆಗೆ ಬಂದರು. ನಿವೃತ್ತಿಯ ಮೇಲೆ ಅವರು ಅಂಚೆಯ ಮೂಲಕ ಮನಃಶಾಸ್ತ್ರ ಕಲಿತಿದ್ದರು. ಕಲಿತದ್ದನ್ನು ಪ್ರಯೋಗಿಸಲು ಇಷ್ಟು ದಿನ ಒಬ್ಬ ಅಪರಾಧಿಯೂ ಸಿಕ್ಕಿರಲಿಲ್ಲ.

"ಹೊಡೆಯಬೇಡಿ. ಕಳ್ಳತನ ಕೈ ಮಾಡುವುದಲ್ಲ, ಮನಸ್ಸು ಮಾಡುವುದು" ಎಂದು ಪೊಲೀಸರಿಗೆ ತಿಳಿಹೇಳಿ ರುಕ್ಮಯ್ಯನ ಕಡೆ ತಿರುಗಿದರು. "ಸಣ್ಣದಿರುವಾಗ ಅಪ್ಪ ಸೈಕಲ್ ತೆಗೆದುಕೊಟ್ಟಿದ್ದಾರಾ?"

"ಇಲ್ಲ ಮಾಸ್ಟ್ರೆ. ನಮ್ಮ ಊರಲ್ಲಿ ಯಾರಿಗೂ ಸೈಕಲ್ ಇರಲಿಲ್ಲ."

"ನೋಡಿದಿರಾ," ಎಂದರು ಮಾಸ್ಟ್ರು. ಅದು ಬಾಲ್ಯದ ಕೊರತೆಯಂತೆ.

ತಾಯಿಯ ಪ್ರೀತಿ ಸಾಲದೆ ಹೀಗಾಗಿರಬಹುದು ಎಂದು ಹೆಡ್ ಕಾನ್‌ಸ್ಟೇಬಲ್ ತಮ್ಮ ಅಭಿಪ್ರಾಯ ಸೇರಿಸಿದರು. ತನ್ನ ತಮ್ಮನ ಮದುವೆಯಲ್ಲಿ ಗಂಡ ಲಾಡು ಜೇಬಿಗೆ ಹಾಕಿಕೊಂಡದ್ದನ್ನು ಲೋಲಾಕ್ಷಿ ನೆನಪಿಸಿಕೊಂಡಳು. ಕದಿಯುವಾಗ ಏನಾದರೂ ಸುಖ ಆಯಿತೇ ಎಂದು ಮಾಸ್ಟ್ರು ಕೇಳಿದಾಗ ರುಕ್ಮಯ್ಯನಿಗೇ ಸಂಶಯ ಬಂತು. ಸೇತುವೆಯ ಹತ್ತಿರ ಬ್ರೇಕು ಗಪ್ಪೆಂದು ಹಿಡಿದಾಗ ಅವನಿಗೆ ಎಂದೂ ಇಲ್ಲದ ಆನಂದವಾಗಿತ್ತು. ತನ್ನೊಳಗೆ ಒಬ್ಬ ಕಳ್ಳ ಇಷ್ಟು ವರ್ಷ ಬಾಡಿಗೆ ಕೊಡದೆ ಕುಳಿತಿದ್ದನೋ ಏನೋ ಎನಿಸಿ ಕಣ್ಣು ತುಂಬಿತು. ಬ್ರೇಕಿನ ಆನಂದವನ್ನೂ ಹೇಳಿಬಿಟ್ಟ.

ಅಷ್ಟರಲ್ಲಿ ಗಾಡಿ ಗುರುತಿಸಲು ಬಂದ ಉಮ್ಮರ್ ಬ್ರೇಕಿನ ಮಾತು ಕೇಳಿ ಅಲ್ಲೇ ನಿಂತರು.

"ನನ್ನದು ಬ್ರೇಕು ಒಳ್ಳೆಯದುಂಟು. ಆದರೆ ಇವತ್ತು ಕ್ಷೌರದಂಗಡಿಯಿಂದ ಮೆಲ್ಕಾರಿಗೆ ಹೋಗುವಾಗ ಹಿಡಿಯಲೇ ಇಲ್ಲ ಮಾರಾಯ್ರೆ. ಕಾಲು ಊರಿ ನಿಲ್ಲಿಸಿದ್ದು."

"ಬ್ರೇಕು ಹಿಡಿಯದ್ದು ನನ್ನ ಗಾಡಿ" ಎಂದ ರುಕ್ಮಯ್ಯ, ಮೆಲ್ಲಗೆ.

ಕ್ಷೌರ ಮುಗಿಸಿ ಮೊದಲು ಹೊರಟವರು ಉಮ್ಮರ್; ಗೊತ್ತಿಲ್ಲದೆ ಅವರು ಒಯ್ದದ್ದು ರುಕ್ಮಯ್ಯನ ಸ್ಕೂಟರು. ಸಾಹುಕಾರರು ನಾಚಿ ಕ್ಷಮೆ ಕೇಳಿದರು, ಪೊಲೀಸರು ಕುರ್ಚಿ ಕೊಟ್ಟರು. ರುಕ್ಮಯ್ಯ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟ. ಅಪ್ಪ, ಅಮ್ಮ, ಬಾಲ್ಯ ಎಲ್ಲ ಒಟ್ಟಿಗೆ ಬಿಡುಗಡೆಯಾದ ಹಾಗಾಯಿತು.

ಹಾಗಾದರೆ ಮೆಲ್ಕಾರಿನಲ್ಲಿ ನಿಜವಾಗಿ ಕಳವಾದದ್ದು ರುಕ್ಮಯ್ಯನ ಗಾಡಿ ಎಂಬುದು ಮೊದಲು ಹೊಳೆದದ್ದು ಹೆಡ್ ಕಾನ್‌ಸ್ಟೇಬಲರಿಗೆ. ಆ ಕಳ್ಳನ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ಅವರು ಭಕ್ತಿಯಿಂದ ಕೇಳಿದರು.

ಮಾಸ್ಟ್ರು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. "ಎಂಥದ್ದೂ ಇಲ್ಲ. ಬಸ್ಸು ತಪ್ಪಿರಬೇಕು."

ಗಂಡ ಹೆಂಡತಿ ರಸ್ತೆಗೆ ಬರುವಾಗ ಅವರ ಬಸ್ಸೂ ಹೋಗಿಯಾಗಿತ್ತು. ಗಾಡಿ ಹೋದರೂ ಮಾನ ಉಳಿಯಿತೆಂದು ರುಕ್ಮಯ್ಯ ಸಿಳ್ಳೆ ಹಾಕುತ್ತ ನಡೆದ. ಪೇಟೆಯ ಬದಿಯಲ್ಲಿ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಲೋಲಾಕ್ಷಿ ಅವುಗಳನ್ನು ನೋಡಿದಳು, ಗಂಡನನ್ನು ನೋಡಿದಳು. ಅವನ ಜೇಬಿಗೆ ಕೈಹಾಕಿ ಕೀ ತೆಗೆದು ತನ್ನ ಪರ್ಸಿನಲ್ಲಿಟ್ಟುಕೊಂಡಳು.