ಸಣ್ಣದಿರಬೇಕು, ಸೋವಿ ಇರಬೇಕು, ಸಪ್ಪಳ ಮಾಡಬಾರದು

ನಮ್ಮ ಕಾಕಾ ಗಂಗಾವತಿಯ ತಮ್ಮ ಮನೆಯ ಪಡಸಾಲೆಯಲ್ಲಿ ಕೂತು ‘ಒಂದ್ ತಂಬಗಿ ನೀರು ಕೊಡ್ರಿ’ ಎಂದರೆ ಮುನಿರಾಬಾದಿನಲ್ಲಿ ಡ್ಯಾಮಿನ ಗೇಟು ತೆಗೆಯುತ್ತಾರೆ! ಇದು ಉತ್ಪ್ರೇಕ್ಷೆ ಅನ್ನಿಸಿದರೆ ನೀವು ಅವರ ಜತೆ ಫೋನಿನಲ್ಲಿ ಮಾತಾಡಿಲ್ಲ ಎಂದೇ ಅರ್ಥ. ಅವರ ಫೋನ್ ಬಂದಾಗ ನಾನು ಮೊಬೈಲನ್ನು ಮೇಜಿನ ಆ ತುದಿಗಿಟ್ಟು ಈ ತುದಿಯಿಂದ ಮಾತಾಡುತ್ತೇನೆ. ಅವರಿಗೆ ಫೋನಾದರೂ ಯಾಕೆ ಬೇಕು, ಕಿಟಕಿ ತೆಗೆದು ಮಾತಾಡಿದರೆ ಕೊಪ್ಪಳಕ್ಕೆ ಕೇಳುತ್ತದಲ್ಲ ಎಂಬುದು ನನ್ನ ಯಜಮಾನರ ತಕರಾರು.

ಪಾಪ, ತಪ್ಪು ಅವರದಲ್ಲ. ಮೀಸೆ ಮೂಡಿದಾಗಿನಿಂದ ತಲೆ ನರೆಯುವವರೆಗೂ ಅಕ್ಕಿ ಗಿರಣಿಯಲ್ಲಿ, ಅದೂ ಯಂತ್ರಗಳ ಮಗ್ಗುಲಲ್ಲೇ ಕೆಲಸ ಮಾಡಿದವರು. ಅಲ್ಲಿ ಮೆಲ್ಲಗೆ ಮಾತಾಡಿದವನಿಗೆ ಚಹಾ ಕೂಡ ಸಿಗುತ್ತಿರಲಿಲ್ಲವಂತೆ. ಹೀಗಾಗಿ ಅವರು ಮುಂಜಾನೆ ಎದ್ದು ಮೊದಲ ಮಾತಾಡಿದ ಕೂಡಲೇ ಓಣಿಯವರು ‘ಗಿರಣಿ ಚಾಲೂ ಆತು, ಏಳ್ರಿ’ ಎಂದು ಮಕ್ಕಳನ್ನು ಎಬ್ಬಿಸುತ್ತಿದ್ದರು. ಚಿಗವ್ವನಾದರೂ ಕಡಿಮೆಯೇ? ಗಂಡನಿಗೆ ತಕ್ಕ ಹೆಂಡತಿ! ಅಡಿಗೆಮನೆಯಿಂದ ಆಕೆ ‘ಏನ್ರೀ!’ ಎಂದು ಕೂಗಿದರೆ ಓಣಿಯಲ್ಲಿದ್ದ ಗಂಡಸರೆಲ್ಲ ‘ಆಂ?’ ಎಂದು ತಿರುಗಿ ನೋಡುತ್ತಿದ್ದರು. ಓಣಿಯವರು ಆಕೆಗೂ ಒಂದು ಹೆಸರಿಟ್ಟಿದ್ದರು, ಗಿರಣಿಯ ಭೋಂಗಾ, ಅಂದರೆ ಸೈರನ್, ಎಂದು.

ಇಂಥ ಕಾಕಾ ಒಂದು ಸೋಮವಾರ ನನಗೆ ಫೋನ್ ಮಾಡಿದರು.

‘ಯವ್ವಾ, ಒಂದ್ ಕಂಪ್ಯೂಟರ್ ನೋಡು. ಸಣ್ಣದಿರಬೇಕು, ಸೋವಿ ಇರಬೇಕು, ಸಪ್ಪಳ ಮಾಡಬಾರದು!’

ಸಪ್ಪಳ ಮಾಡಬಾರದು ಎಂಬ ಮಾತಿನ ಸಪ್ಪಳಕ್ಕೆ ನಮ್ಮ ಮನೆಯ ಬೆಕ್ಕು ಗೋಡೆ ಹತ್ತಿತು.

ನನಗೇ ಯಾಕೆ ಈ ಕೆಲಸ ಎಂದಿರಾ? ನಾನು ಕೊಪ್ಪಳದಲ್ಲಿ ಬ್ಯಾಂಕಿನ ನೌಕರಿಯವಳು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳು. ಬಸ್ಸಿನಲ್ಲಿ ದಿನಾ ಓಡಾಡುವವನಿಗೆ ಇಂಜಿನ್ ಬಿಚ್ಚಲು ಬರುತ್ತದೆಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಯಾಕೆಂದರೆ ಆ ವಾರ ನಮ್ಮ ಮನೆತನದಲ್ಲಿ ಯಾರೂ ಕಾಕಾಗೆ ಇಲ್ಲ ಎನ್ನುವ ಸ್ಥಿತಿಯಲ್ಲಿರಲಿಲ್ಲ.

ಚಿಗವ್ವನ ಗಂಟಲಿನಲ್ಲಿ ಗಡ್ಡೆಯಾಗಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿತ್ತು. ಗಡ್ಡೆ ಕೆಟ್ಟದ್ದಲ್ಲ ಎಂದು ಗೊತ್ತಾಗಿ ನಾವೆಲ್ಲ ಉಸಿರು ಬಿಟ್ಟಿದ್ದೆವು. ಆದರೆ ದನಿ ಮಾತ್ರ ಉಳಿದಿರಲಿಲ್ಲ, ಬರೀ ಗಾಳಿ. ಮೊದಲಿನಂತೆ ಬಂದೀತೇ ಎಂದರೆ ಡಾಕ್ಟರು ‘ನೋಡೂಣು’ ಎಂದರು. ಡಾಕ್ಟರ ಬಾಯಲ್ಲಿ ‘ನೋಡೂಣು’ ಎಷ್ಟು ಕೆಟ್ಟ ಮಾತು ಎಂದು ಕೇಳಿದವರಿಗಷ್ಟೇ ಗೊತ್ತು. ಜೋರಾಗಿ ಒಂದಕ್ಷರ ಆಡಕೂಡದು, ಎರಡು ತಿಂಗಳು ಮನೆಯಲ್ಲೇ ವಿಶ್ರಾಂತಿ ಎಂದು ತಾಕೀತು ಮಾಡಿದ್ದರು. ಗುರುವಾರ ಮನೆಗೆ ಕಳಿಸುವವರಿದ್ದರು.

ಹಾಗಾದರೆ ಕಾಕಾ ಆಸ್ಪತ್ರೆಯಲ್ಲಿರುವುದು ಬಿಟ್ಟು ಗಂಗಾವತಿಯಲ್ಲೇನು ಮಾಡುತ್ತಿದ್ದರು? ಅವರನ್ನು ವಾರ್ಡಿನಿಂದ ಹೊರಗೆ ಹಾಕಿದ್ದರು! ಇವರು ಹೆಂಡತಿಯ ತಲೆದೆಸೆಗೆ ನಿಂತು ‘ಹೆಂಗದೀ?’ ಎಂದು ಕೇಳಿದ್ದಕ್ಕೆ ಆಚೀಚೆಯ ಮಂಚದವರೆಲ್ಲ ಎಚ್ಚರಾಗಿ ‘ಆರಾಮ ಅದೀವ್ರಿ’ ಎಂದರಂತೆ. ಸಿಸ್ಟರು ಕೈಮುಗಿದು ಕಾಕಾರ ಮಗಳನ್ನು ಉಳಿಸಿಕೊಂಡು ಇವರನ್ನು ಊರಿಗೆ ಕಳಿಸಿದ್ದರು.

ಕಂಪ್ಯೂಟರ್ ಬೇಕಾದದ್ದು ಚಿಗವ್ವನಿಗಾಗಿ. ಆಕೆಗೆ ಧಾರಾವಾಹಿ ಸೇರದು, ಸಿನಿಮಾ ಸೇರದು. ಬಂಧುಬಳಗದ ಮದುವೆಯ ವಿಡಿಯೋ ಇದ್ದರೆ ಊಟವೂ ಬೇಡ. ಅದನ್ನೂ ವಾಲಗದ ದನಿ ಪೂರಾ ಇಳಿಸಿ ನೋಡಬೇಕು, ಯಾಕೆಂದರೆ ಹಿನ್ನೆಲೆ ದನಿ ಆಕೆಯದೇ! ‘ನೋಡ್ರಿ, ಕುಷ್ಟಗಿ ಬೀಗತಿ ಉಟ್ಟಿದ್ದು ಇಳಕಲ್ಲ ಸೀರಿ ಅಲ್ಲವ, ಅಲ್ಲ’, ‘ಹುಲಿಹೈದರದ ಅಣ್ಣಾರು ಇಲ್ಲೂ ಎರಡನೇ ಪಂಕ್ತಿಗೆ ಕುಂತಾರ ನೋಡ್ರಿ’ ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಮಗಳು ಆ ಸೀಡಿಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿಟ್ಟಿದ್ದಳು. ಅಷ್ಟರಲ್ಲಿ ಸೀಡಿ ಪ್ಲೇಯರ್ ಸತ್ತಿತು. ಮೊಬೈಲಿನಲ್ಲಿ ನೋಡೋಣವೆಂದರೆ ಸೀರೆಯ ಸೆರಗು ಕಾಣುವುದಿಲ್ಲ. ಟೀವಿ ಹಳೆಯದು, ಆದರೆ ಹಿಂದೆ ತಂತಿ ಚುಚ್ಚುವ ತೂತಿದೆ. ಹೊಸ ಟೀವಿ ತಗೊಂಡರಾಯಿತಲ್ಲ ಎಂದೆ. ‘ಇದ್ದದ್ದು ಛಲೋ ಐತಲ್ಲ, ಅದೇನ ತಪ್ಪ ಮಾಡೇತಿ?’ ಎಂದರು ಕಾಕಾ.

ಮೊದಲು ಒದಗಿಬಂದವರು ಶ್ರೀರಾಮನಗರದ ಅವರ ತೆಲುಗು ಗೆಳೆಯರೊಬ್ಬರು. ಮುಚ್ಚಿದ ತಮ್ಮ ಅಂಗಡಿಯ ಹಳೇ ಕಂಪ್ಯೂಟರೊಂದನ್ನು ಹೊತ್ತು ತಂದು ‘ತೀಸ್ಕೋಂಡಿ, ರೊಕ್ಕ ಬ್ಯಾಡ’ ಎಂದರು. ಸೋವಿ ಎಂದರೆ ಇದಕ್ಕಿಂತ ಸೋವಿ ಯಾವುದಿದೆ? ಆದರೆ ಸ್ವಿಚ್ ಹಾಕಿದ್ದೇ ಅದು ಗುರ್‌ರ್ ಎಂದು ಶುರುವಾಯಿತು. ಕಾಕಾ ಅದರ ಬೆನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಅದನ್ನೇ ತಬ್ಬಿಕೊಂಡವರಂತೆ ನಿಂತರು. ಆಮೇಲೆ ತೀರ್ಪು ಕೊಟ್ಟರು: ‘ಇದು ಕಂಪ್ಯೂಟರ್ ಅಲ್ಲ, ಹಲ್ಲರ್. ಎರಡ ಚೀಲ ನೆಲ್ಲು ಹಾಕ್ರಿ, ಅಕ್ಕಿ ಬರತೈತಿ.’

ಮಂಗಳವಾರ ಕೊಪ್ಪಳಕ್ಕೇ ಬಂದರು. ನಾನು ಅರ್ಧ ದಿನ ರಜೆ ಹಾಕಿ ಒಂದು ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ಅಂಗೈಯಲ್ಲಿ ಹಿಡಿಸುವ ಹಸಿರು ಹಲಗೆಯೊಂದನ್ನು ತೆಗೆದಿಟ್ಟು ಇದೇ ಕಂಪ್ಯೂಟರ್ ಎಂದರು. ಮೇಲೊಂದು ಡಬ್ಬಿಯಿಲ್ಲ, ಏನಿಲ್ಲ, ತಂತಿ ಕಡ್ಡಿಗಳೆಲ್ಲ ಬಯಲಿಗೆ.

‘ಇದಕ್ಕ ಅಂಗಿ ಇಲ್ಲೇನ್ರಿ?’ ಎಂದು ಕಾಕಾ ಮುಖ ತಿರುಗಿಸಿದರು.

ಅಂಗಿ ಬೇರೆ ಸಿಗುತ್ತದೆ ಎಂದು ಸಮಾಧಾನ ಹೇಳಿ ನಾನು ವ್ಯವಹಾರಕ್ಕೆ ಬಂದೆ. ‘ಕಾಕಾ, ಎಷ್ಟು ಜಿಬಿ ಬೇಕ್ರಿ?’

‘ಜಿಲೇಬಿ ಬ್ಯಾಡವಾ, ಬರೀ ಚಾ ಸಾಕು.’

ಅಂಗಡಿಯವರು ನಗು ತಡೆಯಲಾರದೆ ನಿಜಕ್ಕೂ ಚಹಾ ತರಿಸಿದರು. ಇವರು ಬೇಕೆಂದೇ ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ ಎಂದು ನನಗೆ ಸಿಟ್ಟು ಬಂತು. ಹಾರ್ಡ್ ಡಿಸ್ಕ್ ಹಚ್ಚಿ ಯಲಬುರ್ಗಾದ ಮದುವೆಯೊಂದನ್ನು ಹಾಕಿದೆವು. ಹಲಗೆ ಸಪ್ಪಳ ಮಾಡಲಿಲ್ಲ, ನಿಜ. ಆದರೆ ಕೆಲಸವನ್ನೂ ಮಾಡಲಿಲ್ಲ! ಮದುಮಗ ತಾಳಿ ಹಿಡಿದು ವಧುವಿನ ಕೊರಳತ್ತ ಬಾಗಿದವನು ಹಾಗೇ ನಿಂತುಬಿಟ್ಟ. ಅಕ್ಕಿಕಾಳು ಗಾಳಿಯಲ್ಲೇ ನಿಂತವು. ಅಂಗಡಿಯವರು ಏನೇನೋ ಒತ್ತಿದರು, ಮದುಮಗ ಜಪ್ಪಯ್ಯ ಅನ್ನಲಿಲ್ಲ.

‘ಕಟ್ಟೋ ತಮ್ಮಾ, ಮುಹೂರ್ತ ಮೀರತೈತಿ!’ ಎಂದು ಕಾಕಾ ಗದರಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಮದುವೆ ಇಲ್ಲೆಲ್ಲಿ ಎಂದು ಒಳಗೆ ಇಣುಕಿ ನೋಡಿದರು.

ಬುಧವಾರ ಮಧ್ಯಾಹ್ನವಾದರೂ ಕೈಯಲ್ಲಿ ಏನೂ ಇರಲಿಲ್ಲ. ಕಾಕಾ ಮತ್ತೆ ಬಂದಿದ್ದರು. ಮುಖ ಇಳಿದಿತ್ತು, ಊಟ ಮಾಡಿದಂತೆ ಕಾಣಲಿಲ್ಲ. ನಾಳೆ ಚಿಗವ್ವ ಬಂದಾಗ ಕಂಪ್ಯೂಟರ್ ಇರದಿದ್ದರೆ ಏನು ಮುಳುಗಿಹೋಗುತ್ತದೆ, ಇನ್ನೆರಡು ದಿನ ಬಿಟ್ಟು ತಂದರಾಯಿತು ಎಂದೆ. ‘ಆಕಿ ಬಂದ ಗಳಿಗ್ಯಾಗ ಇರಬೇಕು’ ಎಂದರು, ಅಷ್ಟೇ.

ಎರಡನೇ ಅಂಗಡಿಯಲ್ಲಿ ಪುಸ್ತಕದಷ್ಟು ದಪ್ಪದ ಕಪ್ಪು ಪೆಟ್ಟಿಗೆ ತೋರಿಸಿದರು. ಸಣ್ಣದು, ಸೋವಿ, ವಿಡಿಯೋ ಎಲ್ಲೂ ನಿಲ್ಲಲಿಲ್ಲ. ಮದುಮಗ ಒಂದೇ ಸಲಕ್ಕೆ ತಾಳಿ ಕಟ್ಟಿದ. ನನಗಂತೂ ಎದ್ದು ಅಕ್ಷತೆ ಹಾಕುವಷ್ಟು ಖುಷಿಯಾಯಿತು. ಕಾಕಾ ಮಾತ್ರ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಅಂಗಡಿಯ ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತರು.

‘ಯವ್ವಾ, ನೀ ಅದರ ಮಗ್ಗಲಕ ನಿಂತು ಮೆತ್ತಗ “ಏನ್ರೀ” ಅನ್ನು.’

ನಾನು ಅವಾಕ್ಕಾದೆ. ಗಂಡನನ್ನು ಕರೆಯುವ ಮಾತದು! ತಂದೆಯ ತಮ್ಮನನ್ನು, ಅದೂ ಪೇಟೆಯ ನಡುವಿನ ಅಂಗಡಿಯಲ್ಲಿ, ನಾನು ‘ಏನ್ರೀ’ ಎನ್ನಬೇಕೇ? ನನ್ನ ಬ್ಯಾಂಕಿನ ಗಿರಾಕಿಗಳು ಅಲ್ಲೇ ಇಬ್ಬರಿದ್ದರು!

‘ಕಾಕಾ, ನನ್ನ ಮರ್ಯಾದಿ ಕಳೀಬ್ಯಾಡ್ರಿ’ ಎಂದೆ.

ದೊಡ್ಡ ಮೀಸೆಯ ಅಂಗಡಿಯವರು ಉದಾರಿಗಳು. ‘ನಾ ಅಂತೀನಿ ಬಿಡ್ರಿ ಮೇಡಂ’ ಎಂದು ಪೆಟ್ಟಿಗೆಯ ಪಕ್ಕ ಬಾಗಿ, ಹೊಸ ಮದುವಣಗಿತ್ತಿಯಷ್ಟು ಮೆಲ್ಲಗೆ ‘ಏನ್ರೀ’ ಎಂದರು. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕಾ ನಗಲಿಲ್ಲ. ‘ನಗಬ್ಯಾಡ್ರಿ, ಇನ್ನೊಮ್ಮೆ ಅನ್ರಿ’ ಎಂದರು. ಅವರು ಇನ್ನೊಮ್ಮೆ ಅಂದರು. ಅಷ್ಟರಲ್ಲಿ ಪೆಟ್ಟಿಗೆ ಬಿಸಿಯಾಗಿ ಒಳಗಿನ ಪುಟ್ಟ ಫ್ಯಾನು ಸುಯ್ಯೆಂದು ತಿರುಗತೊಡಗಿತ್ತು. ಕಾಕಾ ಬೆನ್ನು ತಿರುಗಿಸಿಯೇ ನಿಂತಿದ್ದರು.

‘ಯಾಕ, ಅನವಲ್ಲಿರಿ?’

‘ಅಂದ್ನೆಲ್ಲರಿ!’

‘ಹಂಗಾರ ಇದು ಬ್ಯಾಡ.’

ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಸಂಜೆಯಾಗುತ್ತಿದೆ, ಗಂಗಾವತಿಯ ಬಸ್ಸು ಹೋಗುತ್ತದೆ, ಜೀವಮಾನವಿಡೀ ಗಿರಣಿಯಲ್ಲಿ ಬದುಕಿದವರಿಗೆ ಸೊಳ್ಳೆಯಷ್ಟು ಸಪ್ಪಳವೂ ಆಗುವುದಿಲ್ಲವೇ, ಇದೆಂಥ ನಖರಾ ಎಂದು ರೇಗಿದೆ. ಕಾಕಾ ಬಂದು ಪೆಟ್ಟಿಗೆಯನ್ನು ಅಂಗಡಿಯವರತ್ತ ಸರಿಸಿದರು. ಅಂಗಡಿಯವರು ಒಳಗೆ ಹೋಗಿ ಧೂಳು ಒರೆಸುತ್ತ ಇನ್ನೊಂದು ಪೆಟ್ಟಿಗೆ ತಂದರು. ಮೈತುಂಬ ಬಾಚಣಿಗೆಯ ಹಲ್ಲಿನಂಥ ಲೋಹದ ಏಣುಗಳು, ಒಳಗೆ ಫ್ಯಾನೇ ಇಲ್ಲ.

‘ಹಳೇ ಮಾಲು, ಅದಕ್ಕ ಸೋವಿ. ಸಪ್ಪಳ ಮಾಡಂಗಿಲ್ಲರಿ, ಆದ್ರ ಮೈ ಬಿಸಿ ಆಗತೈತಿ.’

‘ನಮ್ಮನಿಯಾಕಿ ಈಗ ಹಂಗ ಅದಾಳ್ರಿ’ ಎಂದರು ಕಾಕಾ.

ಮತ್ತೆ ಬಾಗಿಲಿಗೆ ಹೋಗಿ ನಿಂತರು. ಮೀಸೆಯವರು ‘ಏನ್ರೀ’ ಎಂದರು. ಕಾಕಾ ತಟ್ಟನೆ ತಿರುಗಿ ‘ಆಂ!’ ಎಂದರು. ಇಡೀ ಅಂಗಡಿ ಚಪ್ಪಾಳೆ ತಟ್ಟಿತು.

ಗುರುವಾರ ಮುಂಜಾನೆ ಗಂಗಾವತಿಗೆ ಹೋಗಿ ಅದನ್ನು ಟೀವಿಯ ಪಕ್ಕದ ಗೂಡಿನಲ್ಲಿಟ್ಟೆ. ‘ಭಾನಾಪುರ ದಾಟಿದ್ವಿ’ ಎಂದು ಕಾರಿನಿಂದ ಮಗಳ ಫೋನ್. ಟೀವಿಯಲ್ಲಿ ಚಿತ್ರವಿಲ್ಲ. ‘ಕೊಪ್ಪಳ ದಾಟಿದ್ವಿ.’ ಚಿತ್ರವಿಲ್ಲ! ತಂತಿ ಬೇರೆ ತೂತಿಗೆ ಹಾಕಿದೆ, ತೆಗೆದೆ, ಊದಿದೆ, ಮತ್ತೆ ಹಾಕಿದೆ. ಕೊನೆಗೆ ಯಾವ ದೇವರು ಕಣ್ಣು ಬಿಟ್ಟನೋ, ಯಲಬುರ್ಗಾದ ಮದುಮಗ ಪ್ರತ್ಯಕ್ಷನಾದ. ಅಷ್ಟರಲ್ಲಿ ಕಾಕಾ ಗೋಡೆ ಗಡಿಯಾರದ ಸೆಲ್ ತೆಗೆದರು. ಆಮೇಲೆ ತಿರುಗುತ್ತಿದ್ದ ಸೀಲಿಂಗ್ ಫ್ಯಾನ್ ಬಂದ್ ಮಾಡಿದರು. ಗಂಗಾವತಿಯ ಬಿಸಿಲಿನಲ್ಲಿ!

‘ಹುಚ್ಚ ಹಿಡದೈತೇನ್ರಿ ನಿಮಗ?’ ಎಂದು ನಾನು ಕೂಗಿಯೇಬಿಟ್ಟೆ.

ಕಾಕಾ ಮಂಚದ ತುದಿಗೆ ಕೂತರು. ‘ನನಗ ಕಿವಿ ಸರಿ ಕೇಳಸಂಗಿಲ್ಲವಾ, ಒಂದೀಟು ಸಪ್ಪಳ ಇದ್ರೂ ಮೆತ್ತಗಿನ ಮಾತು ಮುಳಗಿ ಹೋಗತೈತಿ. ಗಿರಣಿ ತಿಂದ ಹಾಕೇತಿ. ನೀನೂ ಈಗ ಒದರಿದ್ದಕ್ಕ ಕೇಳಸ್ತು.’ ಗಡಿಯಾರದ ಸೆಲ್ಲನ್ನು ಅಂಗೈಯಲ್ಲಿ ಹೊರಳಿಸುತ್ತ ಅಂದರು: ‘ನಿಮ್ಮ ಚಿಗವ್ವಗಷ್ಟ ಗೊತ್ತಿತ್ತು. ಮಂದಿ ನನ್ನ ಕಿವುಡ ಅನ್ನಬಾರದಂತ ಆಕಿನ ಒದರಿ ಒದರಿ ಮಾತಾಡತಿದ್ಲು. ಎಲ್ಲಾರೂ ಆಕಿನ್ನ ಬಾಯಿಬಡಕಿ ಅಂದ್ರು. ಭೋಂಗಾ ಅಂದ್ರು. ಅನ್ನಿಸ್ಕೊಂಡ್ಲು. ಇನ್ನ ಆಕಿಗೆ ಒದರಾಕ ಬರಂಗಿಲ್ಲ. ಆಕಿ ಕರದಾಗ ನನಗ ಕೇಳಸದಿದ್ರ?’

ನಾನೂ ಆಕೆಯನ್ನು ಭೋಂಗಾ ಎಂದು ನಕ್ಕವಳೇ. ಹೊರಗೆ ಕಾರು ನಿಂತಿತು.

ಕೊರಳಿಗೆ ಪಟ್ಟಿ ಸುತ್ತಿಕೊಂಡು, ಮಗಳ ಹೆಗಲು ಹಿಡಿದು ಚಿಗವ್ವ ಒಳಗೆ ಬಂದಳು. ಅರ್ಧ ಆಗಿದ್ದಳು. ಮಂಚದ ಮೇಲೆ ಒರಗಿಸಿದೆವು. ಟೀವಿಯಲ್ಲಿ ಮದುವೆ ನಡೆದಿತ್ತು. ಮನೆಯಲ್ಲಿ ಎಷ್ಟು ನಿಶ್ಶಬ್ದವೆಂದರೆ ನನ್ನ ಬೆವರು ಇಳಿಯುವುದೂ ಕೇಳಿಸುವಂತಿತ್ತು. ಕಾಕಾ ಗಂಜಿ ತರುತ್ತೇನೆಂದು ಅಡಿಗೆಮನೆಗೆ ಹೋದರು.

ಚಿಗವ್ವನ ತುಟಿ ಅಲುಗಿತು. ‘ಏನ್ರೀ.’

ಪಕ್ಕದಲ್ಲಿದ್ದ ನನಗೇ ಅದು ಅರೆಬರೆ ಕೇಳಿಸಿತು. ಅಡಿಗೆಮನೆಯಿಂದ ಉತ್ತರವಿಲ್ಲ. ನಾನು ‘ಕಾಕಾ’ ಎಂದು ಕೂಗಲು ಬಾಯಿ ತೆರೆದೆ, ಮಗಳು ನನ್ನ ಕೈ ಹಿಡಿದಳು. ಚಿಗವ್ವ ಉಸಿರೆಳೆದುಕೊಂಡು ಮತ್ತೊಮ್ಮೆ ಅಂದಳು. ‘ಏನ್ರೀ.’

ಪಾತ್ರೆಯ ಸದ್ದು ನಿಂತಿತು. ‘ಬಂದೆ!’ ಎಂದು ಕಾಕಾ ಸೌಟು ಹಿಡಿದೇ ಓಡಿಬಂದರು. ಬಂದವರು ಆಕೆಯ ಮುಂದೆ ಬಾಗಿ, ನಾನು ಹುಟ್ಟಿದಾಗಿನಿಂದ ಕೇಳಿರದ ಪಿಸುದನಿಯಲ್ಲಿ ‘ಕರದಿ? ಏನ್ ಬೇಕು?’ ಎಂದರು.

ಚಿಗವ್ವ ಟೀವಿಯತ್ತ ಬೆರಳು ಮಾಡಿದಳು. ‘ಅದನ್ನ ಬಂದ್ ಮಾಡ್ರಿ.’

ಮೂರು ದಿನದ ತಪಸ್ಸು! ಕಾಕಾರ ಮುಖ ಸಣ್ಣದಾಯಿತು. ‘ಯಾಕ, ಸಪ್ಪಳ ಮಾಡಾಕತ್ತೇತೇನು?’

ಆಕೆ ಇಲ್ಲವೆಂದು ತಲೆಯಾಡಿಸಿದಳು. ‘ದವಾಖಾನ್ಯಾಗ ಭಾಳ ಸುಮ್ಮನಿತ್ತು. ನೀವು ಮಾತಾಡ್ರಿ. ಜೋರ್ ಮಾತಾಡ್ರಿ.’

ಕಾಕಾ ಗಂಟಲು ಸರಿಮಾಡಿಕೊಂಡರು. ಮೊದಲ ಮಾತು ನಡುಗಿತು, ಎರಡನೆಯದು ಹತ್ತಿಕೊಂಡಿತು. ಹಲ್ಲರಿನ ಕಥೆ, ಅಂಗಿಯಿಲ್ಲದ ಹಲಗೆಯ ಕಥೆ, ಮೀಸೆಯವರು ‘ಏನ್ರೀ’ ಎಂದ ಕಥೆ, ಒಂದರ ಹಿಂದೊಂದು ಬಂದವು. ಗೋಡೆಯಾಚೆಯಿಂದ ನೆರೆಮನೆಯವಳು ‘ಗಿರಣಿ ಚಾಲೂ ಆತೇನ್ರಿ? ಛಲೋ ಆತು ಬಿಡ್ರಿ!’ ಎಂದಳು. ಕಾಕಾಗೆ ಅದು ಕೇಳಿಸಲಿಲ್ಲ. ಚಿಗವ್ವನಿಗೆ ಕೇಳಿಸಿತು. ಆಕೆ ದನಿಯಿಲ್ಲದೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ನಾನು ಬೆವರು ಒರೆಸಿಕೊಂಡು ಎದ್ದು ಫ್ಯಾನಿನ ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಆಕೆ ನಡುವೆ ಏನಾದರೂ ಅಂದರೆ? ಸೆಕೆ ಇದ್ದರೆ ಇರಲಿ ಎಂದು ಬಂದು ಕೂತೆ.