ಅನಂತಪದ್ಮನಾಭರ ಬಲಗೈ

ತೊಂದರೆಯೆಲ್ಲ ಶುರುವಾದದ್ದು ಅನಂತಪದ್ಮನಾಭರ ಬಲಗೈಯಿಂದ. ಸಂಗೀತ, ನಾಟ್ಯ ಯಾವ ಕಛೇರಿಗೆ ಹೋದರೂ ಅವರಿಗೆ ಮುಂದಿನ ಸಾಲೇ ಆಗಬೇಕು. ಕೂತಮೇಲೆ ತೊಡೆ ತಟ್ಟಿ ತಾಳ ಹಾಕಲೇಬೇಕು. ಅದೇನೂ ಅಪರಾಧವಲ್ಲ, ಜಯನಗರದ ಕಡೆ ಅರ್ಧ ಸಭೆ ಹಾಗೆಯೇ ಕೂರುತ್ತದೆ. ಆದರೆ ಇವರ ಪೆಟ್ಟು ಪ್ರತಿಸಲವೂ ಒಂದು ಕೂದಲೆಳೆ ತಡವಾಗಿ ಬೀಳುತ್ತಿತ್ತು. ಹಾಡುವವರು ಕಣ್ಣು ಮುಚ್ಚಿಕೊಂಡು ಬಚಾವಾಗುತ್ತಿದ್ದರು. ನಾಟ್ಯ ಮಾಡುವವರು ಕಣ್ಣು ಮುಚ್ಚುವುದು ಹೇಗೆ?

ಈ ಸಲ ನಾಟ್ಯ ಮಾಡಬೇಕಾಗಿದ್ದವಳು ಅವರ ಒಬ್ಬಳೇ ಮಗಳು ಧೃತಿ. ಅವತ್ತು ಸಂಜೆ ಅವಳ ರಂಗಪ್ರವೇಶ. ಬೆಳಗಿನ ಕಾಫಿ ಇನ್ನೂ ಗಂಟಲಲ್ಲಿರುವಾಗಲೇ ನಾಟ್ಯದ ಟೀಚರ್ ಶಾಂತಲಾ ಫೋನ್ ಮಾಡಿದರು. "ನೋಡಿ ಮೇಡಂ, ಸಭೇಲಿ ನಿಮ್ಮನೆಯವರ ಕೈ ಇರಬೇಕು, ಇಲ್ಲಾ ನಾನಿರಬೇಕು. ಅವರ ಕೈ ಕಣ್ಣಿಗೆ ಬಿದ್ರೆ ನನ್ನ ತಾಳಾನೂ ಕೆಡತ್ತೆ!"

"ಹಿಂದಿನ ಸಾಲಲ್ಲಿ ಕೂತ್ಕೊಳ್ರೀ," ಎಂದರು ಹೆಂಡತಿ ಸತ್ಯಭಾಮಾ.

"ಹೆತ್ತ ಮಗಳ ರಂಗಪ್ರವೇಶ, ನಾನು ಹಿಂದಿನ ಸಾಲಾ? ಇಷ್ಟು ವರ್ಷ ದಿನಾ ಅವಳಿಗೆ ಅಭ್ಯಾಸ ಮಾಡಿಸಿದ್ದು ಯಾರು? ಮುಂದೇನೇ ಕೂರ್ತೀನಿ. ಕೈ ಅಲ್ಲಾಡಿಸಲ್ಲ, ಸರೀನಾ?" ಎಂದರು ಅನಂತಪದ್ಮನಾಭರು. ಅಷ್ಟು ಹೇಳುವಾಗಲೇ ಅವರ ಬಲಗೈ ಪಕ್ಕದ ಮನೆಯಲ್ಲಿ ಬಟ್ಟೆ ಒಗೆಯುವ ಸದ್ದಿಗೆ ತೊಡೆ ತಟ್ಟುತ್ತಿತ್ತು.

ಅವರ ಅಕ್ಕನ ಮಗಳು ಸಮನ್ವಿತಾ ಕಿಸಕ್ಕನೆ ನಕ್ಕಳು. ನಾಟ್ಯ ಮಾಡುವವರ ಮತ್ತು ನೋಡುವವರ ಮೆದುಳಿನಲ್ಲಿ ಏನೇನು ನಡೆಯುತ್ತದೆ ಎಂದು ಸಂಶೋಧನೆ ಮಾಡುವ ಹುಡುಗಿ. ಹಿಂದಿನ ದಿನವೇ ಬಂದಿಳಿದಿದ್ದಳು. "ಮಾವಾ, ಅದು ನಿಮ್ಮ ಮಾತು ಕೇಳಲ್ಲ. ತಾಳ ಕಿವಿಗೆ ಬಿದ್ರೆ ಸಾಕು, ಮೆದುಳು ತಾನಾಗೇ ಕೈಕಾಲು ಆಡ್ಸಕ್ಕೆ ಹೊರಡತ್ತೆ. ಎಲ್ಲರಿಗೂ ಹಂಗೇ. ನಿಮ್ಮದು ಸ್ವಲ್ಪ ಲೇಟು, ಅಷ್ಟೆ."

"ಹಾಗಾದ್ರೆ ಕಟ್ಟಿಹಾಕೋದೇ ಸರಿ," ಎಂದು ಸತ್ಯಭಾಮಾ ಹಳೇ ಕಾಟನ್ ಸೀರೆ ಹರಿದು, ಗಂಡನ ಬಲಗೈಯನ್ನು ಎದೆಗೊತ್ತಿ, ಕುತ್ತಿಗೆಯಿಂದ ಜೋಲಿ ಬಿಗಿದರು. "ಕೇಳಿದೋರಿಗೆ ಬಚ್ಚಲಲ್ಲಿ ಜಾರಿ ಬಿದ್ದೆ ಅಂದ್ಬಿಡಿ."

ಹೂವು ತರಲು ಅನಂತಪದ್ಮನಾಭರು ಗೇಟು ದಾಟಿದರೋ ಇಲ್ಲವೋ, ಎದುರುಮನೆಯ ಪರಮಶಿವಯ್ಯ ಹಾಜರು. ರಿಟೈರಾದಮೇಲೆ ಬೀದಿಯವರ ಕಷ್ಟವೇ ಅವರ ಆಫೀಸು.

"ಏನ್ ಸಾರ್ ಇದು! ಎಕ್ಸ್‌ರೇ ತೆಗ್ಸಿದ್ರಾ?"

"ಇಲ್ಲ, ಏನೋ ಸಣ್ಣದು..."

"ಸಣ್ಣದಾ? ನಮ್ಮ ಷಡ್ಡಕನೂ ಹಂಗೇ ಅಂದಿದ್ದ. ಈಗ ಚಮಚದಲ್ಲಿ ಮುದ್ದೆ ತಿಂತಾನೆ!"

ಅಷ್ಟರಲ್ಲಿ ಅವರ ಹೆಂಡತಿ ಬಸವಲಿಂಗಮ್ಮ ಎಣ್ಣೆ ಬಟ್ಟಲು ಹಿಡಿದು ಓಡಿಬಂದರು. "ಅಣ್ಣಾ, ಬೆರಳು ಅಲ್ಲಾಡ್ಸಿ ನೋಡೋಣ." ಬೆರಳು ಬಹಳ ಚೆನ್ನಾಗಿ ಅಲ್ಲಾಡಿತು. ಗುಟ್ಟು ರಟ್ಟಾಗುತ್ತದೆಂದು ದಿಗಿಲಾಗಿ ಅನಂತಪದ್ಮನಾಭರು, "ಅಯ್ಯೋ, ಸತ್ತೆ!" ಎಂದು ಕೂಗಿಕೊಂಡರು. ಅದೇ ಎಡವಟ್ಟಾಯಿತು. ಪರಮಶಿವಯ್ಯ ಸ್ಕೂಟರ್ ಹೊರಗೆಳೆದರು. "ಚಿಕ್ಕಲಸಂದ್ರದಲ್ಲಿ ಮುನಿಯಣ್ಣ ಅಂತಿದಾನೆ. ಮೂಳೆ ಕೂರ್ಸೋದ್ರಲ್ಲಿ ಎತ್ತಿದ ಕೈ. ಹತ್ತಿ ಸಾರ್, ಮಾತೇ ಬೇಡ."

ಮುನಿಯಣ್ಣ ಮಣಿಕಟ್ಟು ಒತ್ತಿ ನೋಡಿ, "ಜರುಗೈತೆ," ಎಂದು ಒಮ್ಮೆ ಜಗ್ಗಿದ. ಅಲ್ಲಿಯತನಕ ಜರುಗದೇ ಇದ್ದದ್ದು ಆಗ ಜರುಗಿತು. ಆಮೇಲೆ ಮೊಟ್ಟೆಯ ಬಿಳಿಯಲ್ಲಿ ಕಲಸಿದ ಹಸಿರು ಔಷಧಿ ಮೆತ್ತಿ, ಬಿದಿರಿನ ದಬ್ಬೆ ಇಟ್ಟು, ಮೊಣಕೈವರೆಗೆ ಬಿಗಿಯಾಗಿ ಸುತ್ತಿದ.

"ಮೊಟ್ಟೇನಾ!" ಎಂದು ಅನಂತಪದ್ಮನಾಭರು ಮುಖ ತಿರುಗಿಸಿದರು. ಪರಮಶಿವಯ್ಯನವರೂ ಮೂಗು ಮುಚ್ಚಿಕೊಂಡರು.

"ಔಸ್ದಿ ಸ್ವಾಮಿ. ಮೂರು ವಾರ ಬಿಚ್ಚಂಗಿಲ್ಲ."

ಮನೆಗೆ ಬಂದರೆ ಸತ್ಯಭಾಮಾ, "ದೇವರಮನೆ ಕಡೆ ತಲೆ ಹಾಕಿದ್ರೆ ನೋಡಿ!" ಎಂದು ಕಿರುಚಿ, ಇಡೀ ಮಧ್ಯಾಹ್ನ ಅವರನ್ನು ವರಾಂಡದಲ್ಲೇ ಕೂರಿಸಿ ಊಟ ಹಾಕಿದರು. ಆದರೂ ಕಟ್ಟನ್ನು ತಟ್ಟಿ ನೋಡಿ ಸಮಾಧಾನಪಟ್ಟುಕೊಂಡರು. ಆ ಕೈ ಇನ್ನು ಯಾರಪ್ಪ ಬಂದರೂ ಅಲ್ಲಾಡುವಂತಿರಲಿಲ್ಲ.

ಸಂಜೆ ಜಯನಗರದ ಸಭಾಂಗಣದಲ್ಲಿ ಅನಂತಪದ್ಮನಾಭರು ಮುಂದಿನ ಸಾಲಿನ ನಟ್ಟನಡುವೆ ಗಟ್ಟಿಯಾಗಿ ಕೂತರು. ಮುಖ್ಯ ಅತಿಥಿಗಳು ವಾಸನೆ ತಾಳಲಾರದೆ ಎರಡು ಕುರ್ಚಿ ಆಚೆ ಸರಿದರು. ಪರಮಶಿವಯ್ಯ ಕಟ್ಟು ಕಾಯಲು ಪಕ್ಕದಲ್ಲೇ ಕೂತರು. ಪರದೆ ಸರಿಯಿತು, ಮೃದಂಗ ಮೊಳಗಿತು, ಧೃತಿ ಬಂದಳು. ಮೊದಲನೇ ಜತಿಗೇ ಅವಳ ಹೆಜ್ಜೆ ಎಡವಿತು.

ಎರಡನೆಯದಕ್ಕೂ ಎಡವಿತು. ಶಾಂತಲಾ ತಾಳ ಕುಟ್ಟುತ್ತಲೇ ಕಣ್ಣು ಕೆಕ್ಕರಿಸಿದರು. ಹುಡುಗಿಯ ಕಣ್ಣು ಮಾತ್ರ ಮತ್ತೆ ಮತ್ತೆ ಅಪ್ಪನ ತೊಡೆಯ ಕಡೆಗೇ ಬರುತ್ತಿತ್ತು. ಸಮನ್ವಿತಾ ಬಗ್ಗಿಕೊಂಡು ಓಡಿಬಂದು ಪಿಸುಗುಟ್ಟಿದಳು. "ಮಾವಾ, ಕೆಟ್ಟೋಯ್ತು! ಇಷ್ಟು ವರ್ಷ ನಿಮ್ಮ ಕೈ ನೋಡ್ಕೊಂಡೇ ಕಲ್ತಿದಾಳೆ. ನಿಮ್ಮ ಪೆಟ್ಟಿಗಿಂತ ಒಂಚೂರು ಮುಂಚೆ ಕಾಲಿಡ್ಬೇಕು ಅಂತ ಅವಳ ಮೆದುಳು ಗೊತ್ತುಮಾಡ್ಕೊಂಡುಬಿಟ್ಟಿದೆ. ಈಗ ಕೈ ಕಾಣದೆ ದಿಕ್ಕು ತಪ್ಪಿದಾಳೆ. ತಾಳ ಹಾಕಿ!"

"ಕಟ್ಟಿದೆಯಲ್ಲೇ!"

"ಎಡಗೈ ಇದೆಯಲ್ಲಾ!"

ಅನಂತಪದ್ಮನಾಭರು ಎಡಗೈಯಲ್ಲಿ ತೊಡೆ ತಟ್ಟಿದರು. ಏನು ಹೇಳುವುದು, ಜೀವಮಾನದಲ್ಲಿ ಮೊದಲ ಸಲ ಅವರ ತಾಳ ಸರಿಯಾಗಿ ಬಿತ್ತು. ಅಪ್ಪನ ಪೆಟ್ಟಿಗಿಂತ ಮುಂಚೆ ಕಾಲಿಟ್ಟು ರೂಢಿಯಾಗಿದ್ದ ಧೃತಿ ಈಗ ಮೃದಂಗಕ್ಕಿಂತಲೂ ಮುಂದೆ ಓಡತೊಡಗಿದಳು.

"ನಿಲ್ಸಿ ಮಾವಾ! ಎಡಗೈಗೆ ಆ ಚಾಳಿ ಇಲ್ಲ, ಸರಿಯಾಗಿ ಹಾಕ್ತಿದೆ!"

ಮಗಳ ಕಣ್ಣಲ್ಲಿ ನೀರು ತುಂಬಿದ್ದು ಅನಂತಪದ್ಮನಾಭರಿಗೆ ಕಾಣಿಸಿತು. ಕಟ್ಟಿನ ಗಂಟಿಗೆ ಹಲ್ಲು ಹಾಕಿದರು. "ಮೂರು ವಾರ ಸಾರ್, ಮೂರು ವಾರ!" ಎಂದು ಪರಮಶಿವಯ್ಯ ತೋಳು ಹಿಡಿದರು. ಎಳೆದಾಟದಲ್ಲಿ ಬಟ್ಟೆ ಬಿಚ್ಚಿತು, ಒಂದು ದಬ್ಬೆ ಹಾರಿ ಮುಖ್ಯ ಅತಿಥಿಗಳ ರೇಷ್ಮೆ ಶಾಲಿನ ಮೇಲೆ ಬಿತ್ತು. ಊದಿಕೊಂಡಿದ್ದ ಬಲಗೈ ತೊಡೆಗೆ ಅಪ್ಪಳಿಸಿತು, ಎಂದಿನಂತೆ ಕೂದಲೆಳೆ ತಡವಾಗಿ. ಧೃತಿಯ ಹೆಜ್ಜೆ ಮೃದಂಗಕ್ಕೆ ಹೋಗಿ ಕೂತಿತು.

ಆಮೇಲೆ ಅವಳು ಹಿಂದೆ ತಿರುಗಿ ನೋಡಲಿಲ್ಲ. ಸಂಜೆಯ ಮುಖ್ಯ ನೃತ್ಯವಾದ ವರ್ಣ ಮುಗಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪೆಟ್ಟು ಪೆಟ್ಟಿಗೂ ಅನಂತಪದ್ಮನಾಭರ ಮಣಿಕಟ್ಟು ಬೆಂಕಿಯಾಗುತ್ತಿತ್ತು, ಆದರೂ ಅಷ್ಟು ಸಂತೋಷ ಅವರಿಗೆ ಯಾವತ್ತೂ ಆಗಿರಲಿಲ್ಲ.

ಕಾರ್ಯಕ್ರಮ ಮುಗಿದಮೇಲೆ ಗ್ರೀನ್ ರೂಮಿನಲ್ಲಿ ಶಾಂತಲಾ ಕೈ ಮುಗಿದರು. "ತಪ್ಪಾಯ್ತು ಸಾರ್. ಇನ್ಮೇಲೆ ಮುಂದಿನ ಸಾಲಲ್ಲಿ ನಿಮ್ಮ ಕೈ ಇಲ್ದೆ ಇವಳ ಪ್ರೋಗ್ರಾಮೇ ಇಲ್ಲ." ಅನಂತಪದ್ಮನಾಭರ ಎದೆ ಉಬ್ಬಿತು. ಸಮನ್ವಿತಾ ಟ್ಯಾಬ್ ಹಿಡಿದುಕೊಂಡು ಎದುರಿಗೆ ಕೂತು, "ಮಾವಾ, ಇನ್ನೊಂದ್ಸಲ ತಾಳ ಹಾಕಿ," ಎಂದಳು. ಅವರು ನೋವು ನುಂಗಿಕೊಂಡು ಇಡೀ ವರ್ಣಕ್ಕೆ ತೊಡೆ ತಟ್ಟಿದರು.

"ನಿನ್ನ ಸಂಶೋಧನೆಗೇನಮ್ಮಾ?"

"ಅಲ್ಲ ಮಾವಾ, ಪ್ರೋಗ್ರಾಮಿಗೆ. ನಿಮ್ಮ ಕುರ್ಚಿ ಮೇಲೆ ಈ ಟ್ಯಾಬ್ ಇಟ್ಬಿಡೋದು. ಕೈ ಒಂದೇ ಕಾಣೋ ಹಾಗೆ ತೆಗ್ದಿದೀನಿ. ಮೃದಂಗಕ್ಕೆ ಹೊಂದಿಸೋದು ನನಗೆ ಬಿಡಿ."

"ಮತ್ತೆ ನಾನೆಲ್ಲಿ ಕೂರ್ಲಿ?"

"ಒಳಗೆ ಎರಡೆರಡು ತಾಳ ಆದ್ರೆ ಮಗು ತಬ್ಬಿಬ್ಬಾಗಲ್ವೇನ್ರೀ?" ಎಂದರು ಸತ್ಯಭಾಮಾ. "ನೀವು ಹೊರಗಡೆ ನಿಂತು ಬಂದೋರಿಗೆ ಪನ್ನೀರು ಹಾಕಿ. ಅದಕ್ಕೆ ಯಾವ ಕೈ ಆದ್ರೂ ಆಗತ್ತೆ."

ಅನಂತಪದ್ಮನಾಭರು ಮಗಳ ಕಡೆ ತಿರುಗಿದರು. "ಧೃತಿ, ನೀನಾದ್ರೂ ಹೇಳಮ್ಮಾ."

ಧೃತಿ ಆಗಲೇ ಟ್ಯಾಬಿನ ಮುಂದೆ ಹೆಜ್ಜೆ ಹಾಕುತ್ತಿದ್ದಳು. ಕಣ್ಣೆತ್ತದೆ, "ಸಖತ್ತಾಗಿದೆ ಅಪ್ಪಾ!" ಎಂದಳು. "ಥೇಟ್ ನೀನೇ ಇದ್ದಂಗಿದೆ."